ಅಜ್ಜ ಯಾವಾಗ ಬರ್ತಾರೆ?

ಮಕ್ಕಳಿಗೆ ಸಾವು ಒಮ್ಮೆಲೇ ಅರ್ಥವಾಗುವುದಿಲ್ಲ. ಸತ್ತವರು ಮರಳಿ ಬರುವುದಿಲ್ಲ, ಸತ್ತ ದೇಹ ಉಸಿರಾಡುವುದಿಲ್ಲ, ಉಣ್ಣುವುದಿಲ್ಲ, ನೋಯುವುದಿಲ್ಲ, ಹುಟ್ಟಿದ ಎಲ್ಲರೂ ಒಂದು ದಿನ ಸಾಯುತ್ತಾರೆ: ದೊಡ್ಡವರಿಗೆ ಇದೆಲ್ಲ ಸೇರಿ ಒಂದೇ ತಿಳಿವಳಿಕೆ. ಮಗು ಇವನ್ನು ಒಂದೊಂದಾಗಿ ಕಲಿಯಬೇಕು.

ಹಂಗೇರಿಯ ಮನೋವಿಜ್ಞಾನಿ ಮರಿಯಾ ನಾಜ್ ಬುಡಾಪೆಸ್ಟ್ ಸುತ್ತಮುತ್ತಲಿನ 3ರಿಂದ 10 ವರ್ಷದ ಮಕ್ಕಳನ್ನು ಮಾತಾಡಿಸಿ, ಚಿತ್ರ ಬರೆಸಿ, 1948ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಐದರೊಳಗಿನವರಿಗೆ ಸಾವೆಂದರೆ ನಿದ್ದೆ, ಇಲ್ಲವೇ ದೂರದ ಊರಿಗೆ ಹೋಗುವುದು. ಅವರಿಗಿಂತ ದೊಡ್ಡವರಲ್ಲಿ ಹಲವರಿಗೆ ಸಾವು ಬಂದು ಹಿಡಿದೊಯ್ಯುವ ಒಬ್ಬ ಆಸಾಮಿ. ಒಂಬತ್ತರ ಹೊತ್ತಿಗಷ್ಟೇ ಅದು ಎಲ್ಲರಿಗೂ ಬರುವ ಅಂತ್ಯವೆಂದು ತಿಳಿಯುತ್ತಿತ್ತು. ಈ ಆಸಾಮಿ ಮುಂದೆ ಬೇರೆ ದೇಶಗಳ ಮಕ್ಕಳಲ್ಲಿ ಅಷ್ಟಾಗಿ ಕಾಣಿಸಲಿಲ್ಲ. ಹೆಚ್ಚಿನ ಮಕ್ಕಳು ಐದರಿಂದ ಏಳರೊಳಗೇ ಸಾವಿನ ಮುಖ್ಯ ಸಂಗತಿಗಳನ್ನು ಗ್ರಹಿಸುತ್ತಾರೆಂದು ನಂತರದ ಸಂಶೋಧನೆ ತೋರಿಸಿತು.

ಅದಕ್ಕೂ ಮೊದಲಿನ ಪ್ರಶ್ನೆಗಳನ್ನು ಗಮನವಿಟ್ಟು ಕೇಳಬೇಕು. ಅಜ್ಜ ಯಾವಾಗ ಬರ್ತಾರೆ? ಮಣ್ಣೊಳಗೆ ಚಳಿ ಆಗಲ್ವಾ? ಊಟ ಯಾರು ಕೊಡ್ತಾರೆ? ಇವು ಪೆದ್ದು ಪ್ರಶ್ನೆಗಳಲ್ಲ. ಬದುಕಿರಲು ದೇಹ ಏನೇನು ಮಾಡುತ್ತದೆಂದು ತಿಳಿಯದ ಮಗುವಿಗೆ, ಸತ್ತಾಗ ಏನು ನಿಂತಿತೆಂದು ಹೊಳೆಯುವ ದಾರಿಯೇ ಇಲ್ಲ. ಉಸಿರು, ಎದೆಬಡಿತ, ಅನ್ನ ಇವುಗಳ ಕೆಲಸ ಗೊತ್ತಾದಂತೆ ಸಾವೂ ಅರ್ಥವಾಗುತ್ತದೆ. ಇಂಥ ಹೊತ್ತಿನಲ್ಲಿ ‘ಅಜ್ಜ ಮಲಗಿದ್ದಾರೆ’ ಎಂದು ಸಮಾಧಾನ ಹೇಳಿದರೆ ಮಗು ಅದನ್ನು ಹಾಗೆಯೇ ನಂಬುತ್ತದೆ. ರಾತ್ರಿ ತಾನು ಮಲಗಲು ಹೆದರಲೂಬಹುದು.

ದೇಹದ ಸಂಗತಿ ತಿಳಿದ ಮೇಲೂ ನಂಬಿಕೆಯ ಮಾತು ಅಳಿಯುವುದಿಲ್ಲ. 2005ರಲ್ಲಿ ಪ್ರಕಟವಾದ ಸ್ಪೇನಿನ ಒಂದು ಅಧ್ಯಯನದಲ್ಲಿ ಏಳು ಮತ್ತು ಹನ್ನೊಂದು ವರ್ಷದ ಮಕ್ಕಳಿಗೆ ಸಾವಿನ ಎರಡು ಕಥೆ ಹೇಳಲಾಯಿತು. ವೈದ್ಯರು ಬರುವ ಕಥೆ ಕೇಳಿದಾಗ ಎಲ್ಲ ನಿಂತಿತೆಂದವರು ಹೆಚ್ಚು; ಪಾದ್ರಿ ಬರುವ ಕಥೆ ಕೇಳಿದಾಗ ಏನೋ ಉಳಿದಿದೆ ಎಂದವರು ಹೆಚ್ಚು. ಹೀಗೆ ಉಳಿದಿದೆ ಎಂದವರಲ್ಲಿ ದೊಡ್ಡ ಮಕ್ಕಳೇ ಮುಂದಿದ್ದರು. ಅಜ್ಜನ ದೇಹ ಬೂದಿಯಾದದ್ದನ್ನು ಬಲ್ಲ ನಮ್ಮ ಮನೆಯ ಹುಡುಗಿಯೂ ಪಿಂಡ ಮುಟ್ಟಲು ಬರುವ ಕಾಗೆಗಾಗಿ ದೊಡ್ಡವರೊಡನೆ ಕಾದು ನಿಲ್ಲುತ್ತಾಳೆ.

ವಯಸ್ಸಿಗಿಂತ ಅನುಭವವೇ ಕೆಲವೊಮ್ಮೆ ಹೆಚ್ಚು ಕಲಿಸುತ್ತದೆ. ಅಮೆರಿಕದ ಮಾನವಶಾಸ್ತ್ರಜ್ಞೆ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ರಕ್ತದ ಕ್ಯಾನ್ಸರಿನ ಪುಟ್ಟ ಮಕ್ಕಳ ನಡುವೆ ಇದ್ದು 1978ರಲ್ಲಿ ಪುಸ್ತಕ ಬರೆದರು. ಯಾರೂ ಬಾಯಿಬಿಟ್ಟು ಹೇಳದಿದ್ದರೂ, ತಾವು ಸಾಯುತ್ತಿದ್ದೇವೆಂದು ಆ ಮಕ್ಕಳಿಗೆ ತಿಳಿದಿತ್ತು. ಔಷಧದ ಬದಲಾವಣೆಯಿಂದ, ಇತರ ಮಕ್ಕಳ ಸಾವಿನಿಂದ, ದೊಡ್ಡವರು ತಡೆಹಿಡಿದ ಮಾತಿನಿಂದ ಅವರು ಅದನ್ನು ಅರಿತಿದ್ದರು. ಅಪ್ಪ ಅಮ್ಮನಿಗೆ ನೋವಾಗದಿರಲೆಂದು ಅವರ ಮುಂದೆ ಆ ಮಾತೆತ್ತುತ್ತಿರಲಿಲ್ಲ.