ಹನ್ನೆರಡು ವರ್ಷದ ಹೂವು

ಶ್ರವಣಬೆಳಗೊಳದ ಬಾಹುಬಲಿಗೆ ಮಹಾಮಸ್ತಕಾಭಿಷೇಕವು 2006ರಲ್ಲಿ ನಡೆಯಿತು. ಹನ್ನೆರಡು ವರ್ಷ ಕಳೆದು 2018ರಲ್ಲಿ ಮತ್ತೆ ನಡೆಯಿತು. ಅದೇ ಎರಡು ವರ್ಷಗಳಲ್ಲಿ ಕೇರಳದ ಮುನ್ನಾರಿನ ಬೆಟ್ಟಗಳಲ್ಲಿ ಇನ್ನೊಂದು ಉತ್ಸವವೂ ಜರುಗಿತು. ಅದಕ್ಕೆ ಅಟ್ಟಣಿಗೆ ಕಟ್ಟಿದವರಿಲ್ಲ. ಮುಹೂರ್ತವಿಟ್ಟ ಜೋಯಿಸರೂ ಇಲ್ಲ. ಗುಡ್ಡದ ನೆತ್ತಿಯಿಂದ ಕಣಿವೆಯವರೆಗೆ ತಾನೇ ತಾನಾಗಿ ನೀಲಿಯ ಹೊಳೆಯೊಂದು ಹರಿಯಿತು. ಅದು ನೀಲಕುರಿಂಜಿ ಹೂವಿನ ಹೊಳೆ.

ಪಾಂಡವರ ವನವಾಸ ಹನ್ನೆರಡು ವರ್ಷ. ಗುರುಗ್ರಹವು ರಾಶಿಚಕ್ರವನ್ನು ಸುತ್ತಿ ಬರಲು ಸುಮಾರು ಹನ್ನೆರಡು ವರ್ಷ. ಕುರಿಂಜಿಯೂ ಈ ಲೆಕ್ಕವನ್ನೇ ಹಿಡಿದ ಗಿಡ. ಮುನ್ನಾರಿನಲ್ಲಿ 1982, 1994, 2006, 2018—ಹೀಗೆ ಅದು ಮಾತು ತಪ್ಪದೆ ಅರಳುತ್ತ ಬಂದಿದೆ. ಎಲ್ಲ ಬೆಟ್ಟಗಳಿಗೂ ಒಂದೇ ವರ್ಷವೆಂದಲ್ಲ. ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತಶ್ರೇಣಿಯು 2022ರಲ್ಲಿ ನೀಲಿಯುಟ್ಟು ನಿಂತಿತ್ತು. ಪಳಿಯರೆಂಬ ಗಿರಿಜನರು ತಮ್ಮ ವಯಸ್ಸನ್ನು ಕಂಡ ಕುರಿಂಜಿಗಳ ಸಂಖ್ಯೆಯಿಂದಲೇ ಎಣಿಸುತ್ತಿದ್ದರೆಂದು ಹೇಳುವುದುಂಟು. ಎಂತಹ ಉದಾರವಾದ ಪಂಚಾಂಗ! ಅದರಂತೆ ನೋಡಿದರೆ ಮನುಷ್ಯನ ತುಂಬು ಬಾಳೆಂದರೆ ಆರು ಹೂವಿನಷ್ಟು ಮಾತ್ರ.

ಕುರಿಂಜಿಯ ಬಾಳೆಂದರೆ ಒಂದೇ ಹೂವಿನ ಬಾಳು. ಹನ್ನೊಂದು ವರ್ಷ ಅದು ಯಾರ ಕಣ್ಣಿಗೂ ಬೀಳದ ಹಸಿರು ಪೊದೆ. ಹನ್ನೆರಡನೆಯ ವರ್ಷ ಕೂಡಿಟ್ಟುದನ್ನೆಲ್ಲ ಒಮ್ಮೆಗೇ ಚೆಲ್ಲಿ ಅರಳುತ್ತದೆ, ಬೀಜ ಕಟ್ಟುತ್ತದೆ, ಒಣಗಿ ಸಾಯುತ್ತದೆ. ತನ್ನ ಸಸಿಗಳು ಬೆಳೆದು ನಿಂತುದನ್ನು ನೋಡುವ ಭಾಗ್ಯ ಆ ತಾಯಿಗಿಲ್ಲ. ಇಡೀ ಬೆಟ್ಟವೇ ಏಕಕಾಲಕ್ಕೆ ಅರಳುವುದರಲ್ಲಿಯೂ ಒಂದು ಜಾಣತನವಿದೆಯೆಂದು ಸಸ್ಯಶಾಸ್ತ್ರಜ್ಞರು ಊಹಿಸುತ್ತಾರೆ: ಬೀಜ ತಿನ್ನುವ ಪ್ರಾಣಿಗಳು ಎಷ್ಟು ತಿಂದರೂ ತೀರದಷ್ಟು ಬೀಜ ಒಮ್ಮೆಗೇ ಉದುರಿದರೆ ಕೆಲವಾದರೂ ಉಳಿದು ಮೊಳೆಯುತ್ತವೆ. ಆದರೆ ಈ ಉಪಾಯ ಗುಂಪಿಗೆ ಸಲ್ಲುವಂಥದು. ಗಿಡಗಳು ಚದುರಿ ಅಲ್ಲೊಂದು ಇಲ್ಲೊಂದು ಉಳಿದರೆ ಆ ಲೆಕ್ಕಾಚಾರ ಕೆಡುತ್ತದೆ.

ಚದುರಿಸಿದವರು ಯಾರು? ಕುರಿಂಜಿಯ ಮನೆ ಶೋಲಾ ಕಾಡುಗಳ ಮಗ್ಗುಲಿನ ಎತ್ತರದ ಹುಲ್ಲುಗಾವಲು. ಮರವಿಲ್ಲದ ನೆಲವನ್ನು ಕಂಡ ಮನುಷ್ಯನಿಗೆ ಅದು ಬರಿದೆ ಬಿದ್ದ ನೆಲವೆಂದೇ ತೋರಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲರು ಅಲ್ಲಿ ಚಹಾ ತೋಟಗಳನ್ನು ಎಬ್ಬಿಸಿದರು. ನೀಲಗಿರಿ, ಅಕೇಸಿಯಾ, ಪೈನ್ ಮರಗಳ ನೆಡುತೋಪುಗಳು ಬಂದವು. ಅವುಗಳ ಹಿಂದೆ ರಸ್ತೆ, ಬಂಗಲೆ, ವಸತಿಗೃಹಗಳೂ ಬಂದವು. ಮರ ನೆಡುವುದು ಪುಣ್ಯವೆಂದು ಬಲ್ಲ ನಾಡಿನಲ್ಲಿ, ಮರ ನೆಟ್ಟೂ ಒಂದು ವನಸಂಪತ್ತನ್ನು ಕಳೆಯಬಹುದೆಂದು ಯಾರಿಗೆ ಹೊಳೆದೀತು?

ಈ ನಷ್ಟಕ್ಕೆ ಲೆಕ್ಕ ಬರೆದದ್ದು ಬಹಳ ತಡವಾಗಿ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವು 2024ರಲ್ಲಿ ನೀಲಕುರಿಂಜಿಯನ್ನು ತನ್ನ ಕೆಂಪು ಪಟ್ಟಿಗೆ ಸೇರಿಸಿತು. ಸಂಗಮ ಕಾಲದ ತಮಿಳು ಕವಿಗಳು ಬೆಟ್ಟದ ಸೀಮೆಗೂ ಪ್ರೇಮಿಗಳ ಮಿಲನಕ್ಕೂ ಸಂಕೇತವಾಗಿ ಆರಿಸಿಕೊಂಡ ಹೂವಿನ ಕ್ಷೇಮವನ್ನು ಜಗತ್ತು ಕ್ರಮವಾಗಿ ವಿಚಾರಿಸಿದ್ದು ಅದೇ ಮೊದಲು! ಅಳಿವಿನ ಭೀತಿಗೆ ಆ ಪಟ್ಟಿಯಲ್ಲಿ ಮೂರು ಮೆಟ್ಟಿಲುಗಳಿವೆ. ಕುರಿಂಜಿ ನಿಂತಿರುವುದು ಮೊದಲನೆಯ ಮೆಟ್ಟಿಲಿನಲ್ಲಿ. ಅದರ ನೆಲೆಯಲ್ಲಿ ಸುಮಾರು ಶೇಕಡ 40ರಷ್ಟು ಆಗಲೇ ಹೋಗಿದೆಯೆಂದು ಪರೀಕ್ಷಿಸಿದವರ ಅಂದಾಜು. ಉಳಿದಿರುವುದು 34 ತಾಣಗಳಲ್ಲಿ. ಒಂದನ್ನು ಬಿಟ್ಟರೆ ಎಲ್ಲವೂ ಪಶ್ಚಿಮಘಟ್ಟಗಳವು.

ರಕ್ಷಣೆಯ ಯತ್ನಗಳು ಇಲ್ಲವೆಂದಲ್ಲ. ಇರವಿಕುಲಂ ರಾಷ್ಟ್ರೀಯ ಉದ್ಯಾನದೊಳಗೆ ಕುರಿಂಜಿಗೆ ಆಶ್ರಯವಿದೆ. ಅದಕ್ಕೆಂದೇ ಕೇರಳ ಸರಕಾರವು 2006ರಲ್ಲಿ ಇಡುಕ್ಕಿ ಜಿಲ್ಲೆಯಲ್ಲಿ ಸುಮಾರು 3,200 ಹೆಕ್ಟೇರುಗಳ ಅಭಯಾರಣ್ಯವನ್ನು ಘೋಷಿಸಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯು ಕುರಿಂಜಿಯನ್ನೂ ರಕ್ಷಿತ ಸಸ್ಯಗಳ ಸಾಲಿಗೆ ತಂದಿತು. ಕಾಡಿನಲ್ಲಿ ಅದನ್ನು ಕೀಳುವುದು ಈಗ ಅಪರಾಧ.

ಆದರೂ ಹೂವು ಅರಳಿತೆಂದರೆ ಬೆಟ್ಟಕ್ಕೆ ಜನಸಾಗರ. ಬಂದವರಲ್ಲಿ ದ್ವೇಷವಿರುವುದಿಲ್ಲ, ಪ್ರೀತಿಯೇ ಇರುತ್ತದೆ. ಒಬ್ಬಳು ಮುಡಿಗೊಂದು ಗೊಂಚಲು ಕೀಳುತ್ತಾಳೆ. ಇನ್ನೊಬ್ಬ ಮನೆಯವರಿಗೆ ತೋರಿಸಲೆಂದು ಒಂದು ರೆಂಬೆ ಮುರಿಯುತ್ತಾನೆ. ಮತ್ತೊಬ್ಬ ಚಿತ್ರ ತೆಗೆಸಿಕೊಳ್ಳಲು ಪೊದೆಯ ನಡುವೆ ನುಗ್ಗುತ್ತಾನೆ. ಮಲ್ಲಿಗೆಯ ಬಳ್ಳಿ ಇಂದು ಕೊಯ್ದರೆ ನಾಳೆ ಮತ್ತೆ ಮೊಗ್ಗು ಕೊಟ್ಟೀತು. ಕುರಿಂಜಿಗೆ ನಾಳೆಯೆಂಬುದಿಲ್ಲ. ಕಿತ್ತ ಗೊಂಚಲೆಂದರೆ ಉದುರದೆ ಹೋದ ಬೀಜ; ಉದುರದ ಬೀಜವೆಂದರೆ ಹನ್ನೆರಡು ವರ್ಷದ ಮೇಲೆ ಬೆಟ್ಟದ ಮೈಯಲ್ಲೊಂದು ಬೋಳು.

ಹೂವಿರುವಾಗ ಕಾವಲು ಕಾಯುವುದು ಅಷ್ಟು ಕಷ್ಟವಲ್ಲ; ಆಗ ಪೊಲೀಸರೂ ಬರುತ್ತಾರೆ, ಪತ್ರಿಕೆಯವರೂ ಬರುತ್ತಾರೆ. ನಿಜವಾದ ಪರೀಕ್ಷೆ ಹೂವಿಲ್ಲದ ಹನ್ನೊಂದು ವರ್ಷಗಳದು. ಬೆಂಕಿ ಬೀಳುವುದೂ, ಬೇಲಿ ಸರಿಯುವುದೂ, ಹುಲ್ಲುಗಾವಲು ಮೆಲ್ಲನೆ ತೋಪಾಗುವುದೂ ಯಾರೂ ನೋಡದ ಆ ದಿನಗಳಲ್ಲೇ. ಮುನ್ನಾರಿನ ಮುಂದಿನ ಸರದಿ 2030ರಲ್ಲಿ. ಅಂದು ಅರಳಬೇಕಾದ ಗಿಡಗಳು ಈಗ ಮಂಜಿನೊಳಗೆ, ಹುಲ್ಲಿನ ನಡುವೆ, ಹೆಸರು ಕೇಳುವವರಿಲ್ಲದ ಪೊದೆಗಳಾಗಿ ನಿಂತಿವೆ. ಅವುಗಳನ್ನು ಹೂವಿಲ್ಲದಾಗಲೂ ಗುರುತಿಸಬಲ್ಲ ಕಣ್ಣು ಇದ್ದರೆ ಹೂವು ತಾನಾಗಿ ಬಂದೀತು.