ಆಷಾಢದ ಗಾಳಿ, ಬೆಟಗೇರಿಯ ಮಗ್ಗ

ಆಷಾಢ ಬಂತಂದ್ರೆ ಕಪ್ಪತಗುಡ್ಡದ ಗಾಳಿಯಂತ್ರಗಳಿಗೆ ಪುರುಸೊತ್ತೇ ಇರಲ್ಲ ನೋಡಿ. ಆದ್ರೆ ಮೋಡ ಮುಚ್ಚಿ, ಬೆಟಗೇರಿಯಲ್ಲಿ ನಮ್ಮ ಕಾಕಾನ ಪವರ್‌ಲೂಮ್ ಶೆಡ್ಡಿನ ಮೇಲಿರೋ ಸೋಲಾರ್ ಸಪ್ಪಗಾಗುತ್ತೆ. ಬೇಸಿಗೆಯಲ್ಲಿ ಉಲ್ಟಾ, ಬಿಸಿಲು ಧಾರಾಳ, ಗಾಳಿ ಕಮ್ಮಿ. ಎರಡೂ ಕೂಡಿದ್ರೆ ವರ್ಷಪೂರ್ತಿ ಬಿಲ್ಲು ಹಗುರಾಗುತ್ತೆ ಅಂತ ಕಾಕಾನ ಲೆಕ್ಕ. ಲೆಕ್ಕವೇನೋ ಸರಿ. ಆದ್ರೆ ತಗಡಿನ ಮೇಲೆ ಅಷ್ಟೆತ್ತರದ ಗಾಳಿಯಂತ್ರ ಕೂರುತ್ತಾ? ಗುಡ್ಡದ ಕರೆಂಟನ್ನ ಗ್ರಿಡ್ ಮೂಲಕವೇ ಕೊಳ್ಳಬೇಕು. ಹಾಗೆ ಕೊಳ್ಳೋಕೆ ಮೊದಲು 1 ಮೆಗಾವ್ಯಾಟ್ ಬೇಕಿತ್ತು, 2022ರ ಕೇಂದ್ರದ ನಿಯಮ ಅದನ್ನ 100 ಕಿಲೋವ್ಯಾಟಿಗೆ ಇಳಿಸಿತು. ದೊಡ್ಡ ಹತ್ತಿ ಮಿಲ್ಲುಗಳಿಗೆ ಒಳ್ಳೇದೇ ಆಯ್ತು. ಕಾಕಾನ ನಾಲ್ಕು ಮಗ್ಗದ ಮೋಟರ್ ಕೂಡಿಸಿದ್ರೂ ಐದು ಕಿಲೋವ್ಯಾಟ್ ದಾಟಲ್ಲ!

"ಗಾಳಿ ನಮ್ಮ ಗುಡ್ಡದ್ದು, ಕರೆಂಟ್ ದೊಡ್ಡ ಮಂದಿಗಷ್ಟೇ ಏನ್‌ಪಾ?" ಅಂತ ಕೇಳ್ತಾರೆ. ಇಡೀ ಓಣಿಯ ನೇಕಾರರು ಕೂಡಿ ಒಂದೇ ಮೀಟರ್ ತಗೊಂಡ್ರೆ ನಡೆದೀತಾ? ತಿಳಿದವರು ಹೇಳಿ, ಕಾಕಾಗೆ ಮುಟ್ಟಿಸ್ತೀನಿ.