ಮಕ್ಕಳ ಇಚ್ಛೆಗೆ ಬಿಟ್ಟ ಶಾಲೆ

ಪಾಠಕ್ಕೆ ಕೂರುವುದೂ ಬಿಡುವುದೂ ಮಗುವಿನ ಇಚ್ಛೆ ಎಂಬ ನಿಯಮದ ಮೇಲೆ ಶಾಲೆಯೊಂದು ನೂರು ವರ್ಷಗಳಿಗೂ ಮಿಕ್ಕಿ ನಡೆದುಬಂದಿದೆಯೆಂದರೆ ನಮ್ಮ ಹಿರಿಯರು ನಂಬಲಾರರು. ಸ್ಕಾಟ್ಲೆಂಡಿನ ಎ. ಎಸ್. ನೀಲ್ 1921ರಲ್ಲಿ ಜರ್ಮನಿಯ ಡ್ರೆಸ್ಡೆನ್ ಬಳಿ ಆರಂಭಿಸಿ, 1927ರಲ್ಲಿ ಇಂಗ್ಲೆಂಡಿನ ಲೀಸ್ಟನ್ ಎಂಬ ಊರಿನಲ್ಲಿ ನೆಲೆಗೊಳಿಸಿದ ಸಮ್ಮರ್‌ಹಿಲ್ ಶಾಲೆಯೇ ಅದು. ನೀಲ್ ಹಳ್ಳಿಯ ಶಾಲಾಮಾಸ್ತರರ ಮಗ. ತಂದೆಯ ಚರ್ಮದ ಪಟ್ಟಿಯ ಏಟನ್ನು ಬಲ್ಲವರು.

ವೇಳಾಪಟ್ಟಿ ಅಲ್ಲಿಯೂ ಉಂಟು. ಅದು ಕಟ್ಟುವುದು ಅಧ್ಯಾಪಕರನ್ನು ಮಾತ್ರ. ಶಾಲೆಯ ಸಭೆಯಲ್ಲಿ ಪುಟ್ಟ ಮಗುವಿಗೂ ಒಂದು ಮತ, ಮುಖ್ಯೋಪಾಧ್ಯಾಯರಿಗೂ ಒಂದೇ ಮತ. ಮಲಗುವ ಹೊತ್ತು, ಜಗಳದ ತೀರ್ಪು, ತಪ್ಪಿಗೆ ದಂಡ ಇವೆಲ್ಲ ಅಲ್ಲಿಯೇ ಇತ್ಯರ್ಥವಾಗುತ್ತವೆ. ಆದರೆ ಅಧ್ಯಾಪಕರ ನೇಮಕ, ಊಟದ ಖರ್ಚು ಮೊದಲಾದವನ್ನು ನೀಲ್ ಮಕ್ಕಳ ಮತಕ್ಕೆ ಬಿಟ್ಟಿರಲಿಲ್ಲ. ಅವರನ್ನು ಹೊಗಳುವವರು ಈ ಭಾಗವನ್ನು ಹಾರಿಸಿ ಓದುತ್ತಾರೋ ಏನೋ!

1999ರಲ್ಲಿ ಸರ್ಕಾರದ ತನಿಖಾಧಿಕಾರಿಗಳು ಈ ಪದ್ಧತಿಗೆ ಆಕ್ಷೇಪವೆತ್ತಿ, ಶಾಲೆ ಮುಚ್ಚುವ ಪ್ರಸಂಗ ಒದಗಿತು. 2000ದಲ್ಲಿ ವ್ಯಾಜ್ಯ ರಾಜಿಗೆ ಬಂದಾಗ, ಒಪ್ಪಬೇಕೋ ಬಾರದೋ ಎಂಬುದನ್ನು ಮಕ್ಕಳು ಲಂಡನ್ನಿನ ನ್ಯಾಯಾಲಯದೊಳಗೇ ಸಭೆ ಸೇರಿ ನಿರ್ಣಯಿಸಿದರು.

ಮಠದಲ್ಲಿ ಓದಿದ ನಮಗೆ ಇದೆಲ್ಲ ವಿಪರೀತವೆನಿಸುವುದು ಸಹಜ. ನಸುಕಿನ ಗಂಟೆ, ಸ್ನಾನ, ಲಿಂಗಪೂಜೆ, ಬಳಿಕ ಅಮರಕೋಶದ ಕಂಠಪಾಠ: ಇವುಗಳಲ್ಲಿ ಯಾವುದನ್ನೂ ನಮ್ಮನ್ನು ಕೇಳಿ ಗೊತ್ತುಮಾಡಿರಲಿಲ್ಲ. ಅರ್ಥವಾಗದೆ ಉರುಹೊಡೆದದ್ದು ನಡುವಯಸ್ಸಿನಲ್ಲಿ ಕೈಹಿಡಿಯಿತೆಂಬುದು ನಿಜ. ಆದರೆ ನಮ್ಮೊಡನೆ ಕುಳಿತ ಜಾಣ ಹುಡುಗರು ಕೆಲವರು ಏಟಿಗೆ ಹೆದರಿ ಊರಿಗೆ ಓಡಿಹೋದರು. ಮರಳಿ ಪುಸ್ತಕ ಮುಟ್ಟಲಿಲ್ಲ. ಕಂಠಪಾಠದ ಮಹಿಮೆಯನ್ನು ಸಾರುವವರು ಉಳಿದುಕೊಂಡ ನಾವು. ಓಡಿದವರ ಸಾಕ್ಷ್ಯವನ್ನು ಕೇಳಿದವರುಂಟೆ?

ಇಷ್ಟಾದರೂ ನೀಲರ ಪದ್ಧತಿಯನ್ನು ಇದ್ದಂತೆಯೇ ತರಲು ನಾವು ಒಪ್ಪೆವು. ಕಾನ್ವೆಂಟಿನಿಂದ ಬಂದ ಹುಡುಗಿಯೊಬ್ಬಳು ಮೂರು ವರ್ಷ ಪಾಠದತ್ತ ಸುಳಿಯಲಿಲ್ಲವೆಂದು ಅವರೇ ಬರೆದಿದ್ದಾರೆ. ಶುಲ್ಕ ತೆತ್ತು ವಸತಿಶಾಲೆಗೆ ಕಳಿಸುವ ಮನೆಯವರು ಮೂರು ವರ್ಷ ಕಾಯಬಲ್ಲರು. ನಮ್ಮ ಪ್ರಸಾದನಿಲಯಗಳಿಗೆ ಬರುವ ಒಕ್ಕಲುಮಗನ ಮಾತು ಬೇರೆ. ಎರಡು ವರ್ಷ ಅವನು ಪಾಠ ಬಿಟ್ಟರೆ ತಂದೆ ಹೊಲಕ್ಕೆ ಕರೆದೊಯ್ಯುತ್ತಾನೆ. ಹೆಣ್ಣುಮಗುವಾದರೆ ಮದುವೆಯ ಮಾತು ಬರುತ್ತದೆ. ಮನೆಯಲ್ಲಿ ಒಂದು ಪುಸ್ತಕವನ್ನೂ ಕಾಣದ ಮಗುವಿಗೆ, ಆರಿಸಿಕೊಳ್ಳಲು ಏನೇನಿದೆಯೆಂದು ತೋರಿಸುವುದೂ ಪಾಠವೇ ಅಲ್ಲವೆ? ಆದ್ದರಿಂದ ಪಾಠ ಕಡ್ಡಾಯವಾಗಿರಲಿ. ಬೆತ್ತವನ್ನಂತೂ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ.

ಸಭೆಯ ವಿಚಾರ ಹಾಗಲ್ಲ. ಅನುಭವಮಂಟಪದಲ್ಲಿ ಕಾಯಕಭೇದ, ಸ್ತ್ರೀಪುರುಷಭೇದಗಳಿಲ್ಲದೆ ಮಾತಿಗೆ ಎಡೆಯಿತ್ತೆಂದು ಹೆಮ್ಮೆಪಡುವ ನಾವು, ನಮ್ಮ ಸಂಸ್ಥೆಗಳ ಮಕ್ಕಳಿಗೆ ಎದ್ದುನಿಂತು ಪ್ರಶ್ನಿಸುವ ಅವಕಾಶವನ್ನು ಎಷ್ಟು ಕೊಟ್ಟಿದ್ದೇವೆ? ಶಾಲಾ ಸಂಸತ್ತುಗಳಿವೆ, ಮಂತ್ರಿಗಳೂ ಇದ್ದಾರೆ. ನೀರಿನ ಮಂತ್ರಿಯ ಅಧಿಕಾರವೆಲ್ಲ ತೊಟ್ಟಿ ತೊಳೆಸುವಷ್ಟಕ್ಕೆ ಮುಗಿಯುತ್ತದೆ. ವಾರಕ್ಕೊಂದು ಸಂಜೆ ಪ್ರಸಾದನಿಲಯದ ಮಕ್ಕಳು ಸಭೆ ಸೇರಲಿ; ದೀಪ ಆರಿಸುವ ಹೊತ್ತು, ಸರದಿಯ ಕೆಲಸ, ತಂಟೆಯ ದಂಡ ಅವರಿಂದಲೇ ನಿರ್ಣಯವಾಗಲಿ; ಮೇಲ್ವಿಚಾರಕರಿಗೂ ಒಂದೇ ಮತವಿರಲಿ. ನಮಗೆ ಪರಿಚಿತರಾದ ಮೇಲ್ವಿಚಾರಕರೊಬ್ಬರಿಗೆ ಇದನ್ನು ಹೇಳಿದಾಗ, ಮೊದಲ ಸಭೆಯಲ್ಲೇ ಬೆಳಗಿನ ಉಪ್ಪಿಟ್ಟು ರದ್ದಾಗುವುದೆಂದು ನಕ್ಕರು. ಆಗಲಿ. ಅದೇ ಖರ್ಚಿನಲ್ಲಿ ಬದಲಿಗೆ ಏನು ಮಾಡಬಹುದೆಂಬ ಲೆಕ್ಕವನ್ನು ಆ ಮಕ್ಕಳೇ ಹಾಕಿಕೊಡಲಿ. ಇಷ್ಟರಮಟ್ಟಿಗೆ ನಾವು ನೀಲರಿಗಿಂತ ಒಂದು ಹೆಜ್ಜೆ ಮುಂದೆ ಹೋಗಲು ಸಿದ್ಧರು.